ಇಪ್ಪತ್ತು ನಿಮಿಷ ಮೊದಲೇ ಎತ್ತಿದ ಆರತಿ

ಮುಂಬಯಿ ಹತ್ತಿರದ ಸೀವುಡ್ಸ್ ಸ್ಟೇಷನ್ನಿನಿಂದ ಹೊರಗೆ ಬಂದಾಗ ಮಳೆ ಆಗಷ್ಟೇ ನಿಂತಿತ್ತು. ರಸ್ತೆಯ ತಿರುವಿನಲ್ಲಿ ಗಣಪತಿಗೆ ಮಂಟಪ ಕಟ್ಟುತ್ತಿದ್ದರು. ಬಿದಿರು ನೆಟ್ಟು ಮೇಲೆ ಟಾರ್ಪಾಲು ಎಳೆದಿದ್ದರು. ಒಬ್ಬ ಕೆಳಗಿನಿಂದ ಕೋಲಿನಲ್ಲಿ ತಿವಿದು ಮೇಲೆ ನಿಂತ ನೀರನ್ನು ಚೆಲ್ಲಿದ. ಹಸಿ ಬಿದಿರು, ಒದ್ದೆ ಟಾರ್ಪಾಲು ಎರಡೂ ಸೇರಿದ ಆ ವಾಸನೆ ಮೂಗಿಗೆ ಬಂದದ್ದೇ ನನ್ನ ಕಾಲು ಮುಂದೆ ಹೋಗಲಿಲ್ಲ. ನಾನು ಹೊರಟದ್ದು ಬಸವರಾಜನ ಮನೆಗೆ. ಅವನು ತೀರಿಕೊಂಡು ಹನ್ನೆರಡು ದಿನವಾಗಿತ್ತು. ಮಣ್ಣಿಗೆ ನಾನು ಹೋಗಿರಲಿಲ್ಲ. ಮೊಣಕಾಲು ನೋವು ಎಂದು ಮನೆಯಲ್ಲಿ ಹೇಳಿದ್ದೆ. ಮೊಣಕಾಲು ನೋವು ಸುಳ್ಳಲ್ಲ, ಆದರೆ ಹೋಗದೇ ಇದ್ದದ್ದಕ್ಕೆ ಕಾರಣ ಅದಲ್ಲ.

ಅವನ ಸುದ್ದಿ ನನಗೆ ಗೊತ್ತಾದದ್ದು ಪೇಪರಿನಿಂದ. ಒಳಪುಟದಲ್ಲಿ ಚಿಕ್ಕ ಫೋಟೋ, ಕೈಯಲ್ಲಿ ಗಿಟಾರು. ತನ್ನ ಹಾಡನ್ನು ತಾನೇ ಬರೆದು, ಯಾವ ಕಂಪನಿಯ ಹಂಗೂ ಇಲ್ಲದೆ ಹಾಡಿಕೊಂಡು ಬಂದ ರಾಕ್ ಗಾಯಕ ಎಂದು ಬರೆದಿದ್ದರು. ಓದಿದ ಕೂಡಲೇ ನನಗೆ ಬಂದದ್ದು ಅಳುವಲ್ಲ. ನಾನು ಸತ್ತರೆ ಯಾವ ಪೇಪರೂ ಹಾಕುವುದಿಲ್ಲ ಎಂಬ ಯೋಚನೆ ಮೊದಲು ಬಂತು. ಅಳು ಬಂದದ್ದು ಸಂಜೆಗೆ, ಹಲ್ಲಿನ ಸೆಟ್ಟು ತೊಳೆಯುವಾಗ.

ಅದು ಎಂಬತ್ತನೆಯ ಇಸವಿಯ ಆಸುಪಾಸಿನ ಮಳೆಗಾಲ. ಜೂನಿನಿಂದ ಗಣಪತಿ ಹಬ್ಬದವರೆಗಿನ ಮೂರು ತಿಂಗಳು. ನನ್ನ ಬದುಕಿನಲ್ಲಿ ಹೇಳಿಕೊಳ್ಳುವಂಥದ್ದು ನಡೆದಿದ್ದರೆ ಅಷ್ಟರಲ್ಲೇ ನಡೆದದ್ದು.

ನಾನು ಕಾಪು ಕಡೆಯವನು. ಎಸ್ಸೆಸ್ಸೆಲ್ಸಿ ಮುಗಿಸಿ ಮುಂಬಯಿಗೆ ಬಂದು ಮಸ್ಜಿದ್ ಬಂದರಿನ ಒಂದು ಕಾಗದದ ಗೋದಾಮಿನಲ್ಲಿ ಗುಮಾಸ್ತನಾಗಿದ್ದೆ. ಇದ್ದದ್ದು ಕಲ್ಯಾಣದಲ್ಲಿ, ವಿಠ್ಠಲವಾಡಿ ಕಡೆಗೆ ಹೋಗುವ ರಸ್ತೆಯ ಒಂದು ಚಾಳಿನಲ್ಲಿ. ನನಗೂ ಹೆಂಡತಿ ಗಿರಿಜೆಗೂ ಒಂದೇ ಖೋಲಿ. ಬೆಳಿಗ್ಗೆ ಏಳೂ ಇಪ್ಪತ್ತಕ್ಕೆ ಕಲ್ಯಾಣದಿಂದಲೇ ಹೊರಡುವ ಲೋಕಲಿನಲ್ಲಿ ನಮ್ಮ ಭಜನಾ ಮಂಡಳಿ ಇತ್ತು. ಆ ಕಾಲದಲ್ಲಿ ಆ ಲೈನಿನ ಎಷ್ಟೋ ಗಾಡಿಗಳಲ್ಲಿ ಹೀಗೆ ಮಂಡಳಿಗಳಿದ್ದವು. ಆಫೀಸಿಗೆ ಹೋಗುವವರೇ, ದಿನಾ ಅದೇ ಡಬ್ಬಿ, ಅದೇ ಜಾಗ. ಚೀಲದಿಂದ ತಾಳ ತೆಗೆಯುತ್ತಾರೆ, ಒಬ್ಬ ಢೋಲಕಿ ತಂದಿರುತ್ತಾನೆ, ಗಾಡಿ ಹೊರಟ ಕೂಡಲೇ ಭಜನೆ ಶುರು. ಮುಂದೆ ನಿಂತು ಹಾಡಿಸುವವನಿಗೆ ಮರಾಠಿಯಲ್ಲಿ ಬುವಾ ಎನ್ನುತ್ತಾರೆ. ನಮ್ಮ ಡಬ್ಬಿಯ ಬುವಾ ನಾನೇ. ಸದಾನಂದ ಹೋಗಿ ಸದಾಬುವಾ ಆಗಿದ್ದೆ. ಕಿಟಕಿಯ ಪಕ್ಕದ ಸೀಟು ನನಗಾಗಿ ಬಿಟ್ಟಿರುತ್ತಿದ್ದರು. ಎಷ್ಟೇ ನೂಕುನುಗ್ಗಲಿದ್ದರೂ ಅಲ್ಲಿ ಬೇರೆಯವರು ಕೂರುತ್ತಿರಲಿಲ್ಲ. ಗೋದಾಮಿನಲ್ಲಿ ನನ್ನನ್ನು ಹೆಸರು ಹಿಡಿದು ಕರೆಯುವವರೂ ಇರಲಿಲ್ಲ. ಆ ಒಂದು ಗಂಟೆ ನಾನು ಮನುಷ್ಯನಾಗಿರುತ್ತಿದ್ದೆ.

ನನಗೊಂದು ಹೆಮ್ಮೆಯಿತ್ತು. ರೈಲಿನಲ್ಲಿ ಶ್ರುತಿ ಕೊಡಲು ಹಾರ್ಮೋನಿಯಂ ಇರುವುದಿಲ್ಲ. ಆದರೂ ನಾನು ಬಾಯಿ ತೆರೆದರೆ ಬರುವುದು ಕಪ್ಪು ಒಂದೇ. ಹಾರ್ಮೋನಿಯಂನ ಮೊದಲ ಕಪ್ಪು ಮನೆ, ಅದೇ ನನ್ನ ಶ್ರುತಿ. ಎಷ್ಟೋ ಸಲ ಮಂಟಪದಲ್ಲಿ ಪಂದ್ಯ ಕಟ್ಟಿ ಪರೀಕ್ಷೆ ಮಾಡಿದ್ದರು. ನಾನು ಹಾಡಿದ ಮೇಲೆ ಹಾರ್ಮೋನಿಯಂ ಒತ್ತಿದರೆ ಕೂದಲೆಳೆಯಷ್ಟೂ ಆಚೀಚೆ ಇರುತ್ತಿರಲಿಲ್ಲ. ಬುವಾನ ಗಂಟಲಲ್ಲಿ ಕಪ್ಪು ಒಂದಕ್ಕೆ ಮೊಳೆ ಹೊಡೆದಿದ್ದಾರೆ ಎಂದು ಢೋಲಕಿಯ ಪಾಟೀಲ ಹೇಳುತ್ತಿದ್ದ.

ಬಸವರಾಜ ಬಂದದ್ದು ಆ ಜೂನಿನಲ್ಲಿ, ಪಕ್ಕದ ಖೋಲಿಯ ತನ್ನ ಸೋದರತ್ತೆಯ ಮನೆಗೆ. ವಿಜಾಪುರದ ಕಡೆಯ ಹುಡುಗ, ಇಪ್ಪತ್ತಮೂರೋ ಇಪ್ಪತ್ತನಾಲ್ಕೋ. ಅದಕ್ಕೆ ಮುಂಚೆ ಭಿವಂಡಿಯಲ್ಲಿ ವಿದ್ಯುತ್ ಮಗ್ಗದ ಕೆಲಸ ಮಾಡಿದ್ದ. ಮಗ್ಗ ನಿಂತದ್ದರಿಂದ ಮಸ್ಜಿದ್ ಬಂದರಿನಲ್ಲೇ ಬಟ್ಟೆಯ ಗಂಟು ಹೊರುವ ಕೆಲಸಕ್ಕೆ ಸೇರಿದ. ಅವನ ಟ್ರಂಕಿನ ಜೊತೆ ಒಂದು ಗಿಟಾರೂ ಬಂತು. ಕಲ್ಯಾಣದ ರೈಲ್ವೆ ಕಾಲೊನಿಯಲ್ಲಿ ಒಬ್ಬ ಮುದುಕ ಗಾರ್ಡ್ ಸಾಹೇಬರಿದ್ದರಂತೆ. ರಜೆಯ ದಿನ ಇವನು ಅವರ ಮನೆಯ ಕೆಲಸ ಮಾಡಿಕೊಟ್ಟು ಅದನ್ನು ನುಡಿಸುವುದು ಕಲಿತನಂತೆ. ಅವರು ಮಗಳ ಮನೆಗೆ ಹೋಗುವಾಗ ಇವನಿಗೇ ಬಿಟ್ಟು ಹೋದರು. ಆರು ತಂತಿಯಲ್ಲಿ ಒಂದು ಇರಲಿಲ್ಲ. ಐದೇ ತಂತಿಯಲ್ಲಿ ನುಡಿಸುತ್ತಿದ್ದ. ತಂತಿಯನ್ನು ಮೀಟುತ್ತಿರಲಿಲ್ಲ, ಮಗ್ಗ ಹೊಡೆದ ಹಾಗೆ ಹೊಡೆಯುತ್ತಿದ್ದ. ಕಾಲು ನೆಲ ಕುಟ್ಟುತ್ತಲೇ ಇರುತ್ತಿತ್ತು.

ನಾನೇ ಅವನನ್ನು ನಮ್ಮ ಡಬ್ಬಿಗೆ ಕರೆದುಕೊಂಡು ಹೋದದ್ದು. ಒಂದೇ ಚಾಳು, ಒಂದೇ ಕಡೆ ಕೆಲಸ, ಕನ್ನಡದ ಹುಡುಗ ಎಂದು. ಒಂದು ವಾರ ತಾಳ ಹಾಕುತ್ತಾ ಹಿಂದೆ ನಿಂತಿದ್ದ. ಆಮೇಲೆ ಒಂದು ದಿನ ಥಾಣೆಯ ಹತ್ತಿರ ಹಳಿಯ ಮೇಲೆ ನೀರು ನಿಂತು ಗಾಡಿಯೂ ನಿಂತಿತು. ಗೊತ್ತಿದ್ದ ಭಜನೆಗಳೆಲ್ಲ ಮುಗಿದವು. ಪಾಟೀಲ ನನ್ನ ಕಡೆ ತಿರುಗಿ, "ಬುವಾ, ತ್ಯಾಲಾ ಗಾವೂ ದ್ಯಾ ನಾ," ಎಂದ. ಅವನಿಗೆ ಹಾಡಲು ಬಿಡಿ ಎಂದು ಅದರ ಅರ್ಥ. ನಾನು ದೊಡ್ಡ ಮನಸ್ಸು ಮಾಡಿ ತಲೆಯಾಡಿಸಿದೆ.

ಬಸವರಾಜ ಹಾಡಿದ್ದು ಭಜನೆಯಲ್ಲ. ಅವನದೇ ಹಾಡು. ನೀರಿನ ನಲ್ಲಿಯ ಮುಂದೆ ಸಾಲು ನಿಂತ ಕೊಡಗಳು ಒಂದನ್ನೊಂದು ಬೈದುಕೊಳ್ಳುವ ಹಾಡು. ಅರ್ಧ ಕನ್ನಡ, ಅರ್ಧ ಹಿಂದಿ. ಅವನ ಶ್ರುತಿ ಬಿಳಿ ನಾಲ್ಕು, ನನ್ನದಕ್ಕಿಂತ ಬಹಳ ಮೇಲೆ. ಆ ಎತ್ತರದಲ್ಲಿ ಅವನ ದನಿ ಬಿರಿಯುತ್ತಿತ್ತು. ಬಿರಿದರೂ ಅವನು ಕೆಳಗೆ ಇಳಿಯುತ್ತಿರಲಿಲ್ಲ. ಎರಡನೆಯ ಸಲಕ್ಕೆ ಇಡೀ ಡಬ್ಬಿ ಜೊತೆಗೆ ಹಾಡಿತು. ಬಾಗಿಲಲ್ಲಿ ನೇತಾಡುತ್ತಿದ್ದವರು ಒಳಗೆ ನುಗ್ಗಿ ಬಂದು ನಿಂತರು. ನನ್ನ ಭಜನೆಯ ಕಾಲದಲ್ಲಿ ಪೇಪರ್ ಓದುತ್ತಿದ್ದ ಒಬ್ಬ ಯಜಮಾನರು ಪೇಪರ್ ಮಡಚಿಟ್ಟರು. ಅದನ್ನು ನಾನು ಇಂದಿಗೂ ಮರೆತಿಲ್ಲ.

ಅಂದಿನಿಂದ ದಿನಾ ಅವನದೊಂದು ಹಾಡು. ಆಮೇಲೆ ಎರಡು. ಜುಲೈಯಲ್ಲಿ ನನಗೆ ಜ್ವರ ಬಂದು ಮೂರು ದಿನ ಹೋಗಲಿಲ್ಲ. ನಾಲ್ಕನೆಯ ದಿನ ಹತ್ತಿದರೆ ಕಿಟಕಿಯ ಸೀಟಿನಲ್ಲಿ ಬಸವರಾಜ. ನನ್ನನ್ನು ಕಂಡ ಕೂಡಲೇ ಎದ್ದು ನಿಂತ.

"ಬರ್ರಿ ಅಣ್ಣಾರ, ನಿಮ್ಮ ಜಾಗಾ ಕಾದೀನಿ."

ಅವನು ಏಳದೇ ಇದ್ದಿದ್ದರೆ ಜಗಳವಾಡಬಹುದಿತ್ತು. ಎದ್ದುಬಿಟ್ಟ. ಸೀಟು ಬಿಸಿಯಾಗಿತ್ತು. ದಾದರ್ ಬರುವವರೆಗೂ ಆ ಬಿಸಿ ನನ್ನನ್ನು ಚುಚ್ಚುತ್ತಲೇ ಇತ್ತು.

ಮನೆಯಲ್ಲೂ ನೆಮ್ಮದಿ ಇರಲಿಲ್ಲ. ಎರಡು ಖೋಲಿಗಳ ನಡುವೆ ಇದ್ದದ್ದು ಹಲಗೆಯ ಗೋಡೆ. ಅವನು ಹಾಡು ಕಟ್ಟುವುದು ಪೂರ್ತಿ ಕೇಳಿಸುತ್ತಿತ್ತು. ಒಂದು ಸಾಲು, ಮತ್ತೆ ಅದೇ ಸಾಲು, ಒಂದು ಪದ ಬದಲು. ಒಂದು ಸಂಜೆ ಗಿರಿಜೆ ಬಂಗುಡೆಗೆ ಮಸಾಲೆ ಅರೆಯುತ್ತಾ ಅವನ ಹಾಡು ಗುನುಗುತ್ತಿದ್ದಳು. ಮದುವೆಯಾದ ಆರು ವರ್ಷದಲ್ಲಿ ನನ್ನ ಭಜನೆಯ ಒಂದು ಸಾಲನ್ನೂ ಅವಳು ಗುನುಗಿದ್ದು ನಾನು ಕೇಳಿರಲಿಲ್ಲ. ಎಂತ ಅದು ಎಂದು ಕೇಳಿದೆ.

"ಎಂತ ಇಲ್ಲ. ಬಾಯಿಗೆ ಬಂತು," ಅಂದಳು. ಸ್ವಲ್ಪ ತಡೆದು, "ನಿಮ್ಮದು ದೇವರಿಗೆ ಹಾಡುವುದಲ್ವಾ? ಇದು ನಮಗೆ," ಎಂದು ನಕ್ಕಳು. ಆ ರಾತ್ರಿ ಮೀನು ನನಗೆ ರುಚಿಸಲಿಲ್ಲ.

ಆಗಸ್ಟಿನಲ್ಲಿ ಗೋಡೆಯ ಆಚೆ ಹೊಸ ಹಾಡೊಂದು ಶುರುವಾಯಿತು. ಭಿವಂಡಿಯ ಹಾಡು. ಮಗ್ಗದಲ್ಲಿ ಎಳೆ ಹರಿದರೆ ಓಡಿಹೋಗಿ ಗಂಟು ಹಾಕಬೇಕು, ಗಂಟು ಕಾಣಬಾರದು, ಕಂಡರೆ ಸೇಠನ ಬೈಗುಳ. ಅದನ್ನೇ ಕಟ್ಟಿದ್ದ.

ಎಳಿ ಹರದ್ರ ಗಂಟ ಹಾಕ,
ಗಂಟ ಕಾಣದಂಗ ಹಾಕ,
ಅರಿವಿ ಕೊಂಡವ್ರ ಕೈಗೆ ಹತ್ತದಂಗ.

ಅದಕ್ಕೆ ಮೂರು ನುಡಿ. ಮೂರನೆಯದಕ್ಕೆ ಅವನು ಹದಿನೈದು ದಿನ ಒದ್ದಾಡಿದ. ಇತ್ತ ನಾನು ಚಾಪೆಯ ಮೇಲೆ ಕಣ್ಣು ಮುಚ್ಚಿ ಮಲಗಿ ಅಪಸ್ವರ ಎಲ್ಲಿ ಬರುತ್ತದೆ ಎಂದು ಕಾಯುತ್ತಿದ್ದೆ. ಕಾದು ಕಾದು ಇಡೀ ಹಾಡು ನನಗೆ ಬಾಯಿಪಾಠವಾಯಿತು. ಕೊನೆಯ ನುಡಿ ಕೂಡಿ ಬಂದ ಸಂಜೆ ಅವನು ಅದನ್ನು ಮೆಲ್ಲಗೆ, ಕಾಲು ಕುಟ್ಟದೆ ಹಾಡಿದ. ನಾನು ಎದ್ದು ಹೊರಗೆ ಹೋಗಿ ಮಳೆಯಲ್ಲಿ ನಿಂತೆ. ಅಂಥದ್ದು ನನ್ನಿಂದ ಏಳು ಜನ್ಮಕ್ಕೂ ಆಗುವುದಿಲ್ಲ ಎಂದು ಗೊತ್ತಾಗಿತ್ತು.

ಗಣಪತಿ ಬಂತು. ಚಾಳಿನ ಅಂಗಳದಲ್ಲಿ ಮಂಟಪ. ದಿನಾ ಸಂಜೆ ಏನಾದರೂ ಕಾರ್ಯಕ್ರಮ, ಎಂಟೂವರೆಗೆ ಆರತಿ. ಆರತಿ ಎತ್ತುವುದು ಮೊದಲಿನಿಂದಲೂ ನನ್ನ ಕೆಲಸ. ಐದನೆಯ ದಿನದ ಸಂಜೆಯನ್ನು ಬಸವರಾಜನಿಗೆ ಕೊಟ್ಟರು. ಅಷ್ಟರಲ್ಲಿ ಡೊಂಬಿವಲಿಯ ಮೂವರು ಕಾಲೇಜು ಹುಡುಗರು ಅವನ ಜೊತೆ ಸೇರಿದ್ದರು. ಒಬ್ಬ ಡ್ರಮ್, ಇನ್ನೊಬ್ಬ ಎರಡನೆಯ ಗಿಟಾರು, ಮೂರನೆಯವನ ಕೈಯಲ್ಲಿ ಟೇಪ್ ರೆಕಾರ್ಡರು. ಮುಂಬಯಿಯಲ್ಲಿ ದೊಡ್ಡ ಬಯಲು ಕಾರ್ಯಕ್ರಮ ನಡೆಸುವ ಒಬ್ಬರನ್ನು ಅವರು ಕರೆಸಿದ್ದರು. ಅವರು ಬಂದು ಮುಂದಿನ ಸಾಲಿನಲ್ಲಿ ಕುಳಿತರು. ಅವರಿಗೆ ಹಿಡಿಸಿದರೆ ದೀಪಾವಳಿಗೆ ಬಸವರಾಜ ಮುಂಬಯಿಯ ವೇದಿಕೆ ಹತ್ತುತ್ತಾನೆ, ಗಂಟು ಹೊರುವುದು ತಪ್ಪುತ್ತದೆ. ಇದನ್ನು ಬಸವರಾಜನೇ ಬೆಳಿಗ್ಗೆ ನನಗೆ ಹೇಳಿದ್ದ. ಭಿವಂಡಿಯ ಹಾಡನ್ನು ಕೊನೆಗೆ ಇಟ್ಟೀನಿ, ಎಂಟೂ ಇಪ್ಪತ್ತಕ್ಕೆ ಮುಗಿಸಿ ಆರತಿಗೆ ಜಾಗ ಬಿಡ್ತೀನಿ ಎಂದೂ ಹೇಳಿದ್ದ.

ಅವತ್ತು ಅವನು ಹಾಡಿದ ಹಾಗೆ ಆಮೇಲೆಯೂ ಯಾರೂ ಹಾಡಿದ್ದನ್ನು ನಾನು ಕೇಳಿಲ್ಲ. ಟಾರ್ಪಾಲಿನ ಮೇಲೆ ಮಳೆ, ಕೆಳಗೆ ಡ್ರಮ್, ಎರಡೂ ಒಂದೇ ತಾಳ. ಹೆಂಗಸರು ಅಡಿಗೆ ಬಿಟ್ಟು ಮೊಗಸಾಲೆಯಲ್ಲಿ ನಿಂತಿದ್ದರು. ಗಿರಿಜೆಯೂ ಇದ್ದಳು. ಪಾಟೀಲ ಢೋಲಕಿ ಹಿಡಿದು ಕರೆಯದೆ ವೇದಿಕೆ ಹತ್ತಿದ್ದ. ನಾನು ಗಣಪತಿಯ ಪಕ್ಕದಲ್ಲಿ ಆರತಿಯ ತಟ್ಟೆ ಹಿಡಿದು ನಿಂತಿದ್ದೆ. ಬಸವರಾಜ ಭಿವಂಡಿಯ ಹಾಡು ಎತ್ತಿದ. ಮೊದಲ ನುಡಿ ಆಯಿತು. ಎರಡನೆಯದಕ್ಕೆ ಜನ ಎದ್ದು ನಿಂತು ಚಪ್ಪಾಳೆಯಲ್ಲೇ ತಾಳ ಹಿಡಿದರು. ಮುಂಬಯಿಯವರು ಮುಂದಕ್ಕೆ ಬಾಗಿ ಕೂತರು. ಇನ್ನು ಕೊನೆಯ ನುಡಿ. ಅದನ್ನು ಕೇಳಿಸಿಕೊಂಡ ಮೇಲೆ ಇವರು ಯಾರೂ ನನ್ನನ್ನು ಬುವಾ ಎನ್ನುವುದಿಲ್ಲ ಎಂದು ನನಗೆ ಅನ್ನಿಸಿತು.

ಗಡಿಯಾರದಲ್ಲಿ ಎಂಟೂ ಹತ್ತು. ನಾನು ಕರ್ಪೂರ ಹಚ್ಚಿ ಗಂಟೆ ಬಾರಿಸಿ ಆರತಿ ಎತ್ತಿದೆ.

ಆರತಿ ಶುರುವಾದರೆ ಅದನ್ನು ನಿಲ್ಲಿಸಿ ಎನ್ನುವ ಧೈರ್ಯ ಯಾರಿಗೂ ಇರುವುದಿಲ್ಲ. ಹೊತ್ತು ಆಗಿದೆಯೇ ಎಂದು ಕೇಳುವವರೂ ಇಲ್ಲ. ಜನ ಚಪ್ಪಲಿ ಬಿಟ್ಟು ದೇವರ ಕಡೆ ತಿರುಗಿದರು. ಕೈಗಳು ಅದೇ ಚಪ್ಪಾಳೆಯನ್ನು ಆರತಿಗೆ ಮುಂದುವರಿಸಿದವು. ಬಸವರಾಜ ಬಾಯಿ ತೆರೆದಿದ್ದವನು ಮುಚ್ಚಿದ. ಒಂದು ಗಳಿಗೆ ನನ್ನ ಕಡೆ ನೋಡಿದ. ಆಮೇಲೆ ಅವನ ಗಿಟಾರು ನನ್ನ ಆರತಿಗೆ ಜೊತೆ ಕೊಟ್ಟಿತು. ಒಂದಾದ ಮೇಲೊಂದು ಎಲ್ಲ ಆರತಿಗಳೂ ಮುಗಿಯಲು ಅರ್ಧ ಗಂಟೆ. ಮುಂಬಯಿಯವರು ಕೈಮುಗಿದು, ಪ್ರಸಾದ ತೆಗೆದುಕೊಂಡು, ಗಾಡಿ ತಪ್ಪುತ್ತದೆ ಎಂದು ಕೊಡೆ ಬಿಚ್ಚಿ ಹೊರಟರು.

ಪ್ರಸಾದ ಹಂಚುವಾಗ ಬಸವರಾಜ ಹತ್ತಿರ ಬಂದ. ಅಂಗೈ ಒಡ್ಡಿದ. ಸಿಟ್ಟು ಕಾಣಲಿಲ್ಲ.

"ಅಣ್ಣಾರ, ಇವತ್ತ ಭಾಳ ಎತ್ತರಕ್ಕ ಹಿಡದ್ರಲ್ಲ," ಅಂದ.

ನಾನು ಪ್ರಸಾದ ಹಾಕಿ ಮುಂದಿನವರ ಕಡೆ ತಿರುಗಿದೆ. ನನ್ನ ಅಹಂಕಾರಕ್ಕೆ ಚುಚ್ಚಿ ಹೇಳಿದ ಎಂದು ತಿಳಿದೆ. ಮಾರನೆಯ ದಿನದಿಂದ ಒಂದು ಗಾಡಿ ಮೊದಲೇ ಹೊರಟೆ, ಭಜನೆ ಇಲ್ಲದ ಡಬ್ಬಿಯಲ್ಲಿ ನಿಂತುಕೊಂಡು. ಗಿರಿಜೆ ಎರಡು ದಿನ ನನ್ನ ಹತ್ತಿರ ಮಾತು ಬಿಟ್ಟಳು. ಅವಳ ಕೈಯಲ್ಲೂ ಗಡಿಯಾರ ಇತ್ತು. ದೀಪಾವಳಿಗೆ ಬಸವರಾಜ ಡೊಂಬಿವಲಿಗೆ ಖೋಲಿ ಬದಲಿಸಿದ. ಇನ್ನೂ ಮೂರು ವರ್ಷ ಅವನು ಗಂಟು ಹೊತ್ತ ಎಂದು ಪಾಟೀಲ ಹೇಳಿ ಗೊತ್ತಾಯಿತು. ಆ ಮೂರು ವರ್ಷ ನಾನು ಕೊಟ್ಟದ್ದು.

ಆಮೇಲೆ ಅವನು ಮೇಲೆ ಬಂದ. ಎಲ್ಲರಿಗೂ ಗೊತ್ತಾಗುವಷ್ಟು ದೊಡ್ಡವನಾಗಲಿಲ್ಲ, ಗೊತ್ತಿದ್ದವರು ಅವನನ್ನು ಬಿಡಲಿಲ್ಲ. ಕಾಲೇಜುಗಳಲ್ಲಿ, ಕಾರ್ಖಾನೆಗಳ ಗೇಟಿನ ಮುಂದೆ, ಪುಣೆಯಲ್ಲಿ, ಬೆಂಗಳೂರಿನಲ್ಲಿ ಹಾಡಿದ. ಕ್ಯಾಸೆಟ್ಟನ್ನು ತಾನೇ ಮಾಡಿಸಿ, ಕಾರ್ಯಕ್ರಮ ಮುಗಿದ ಮೇಲೆ ಬಟ್ಟೆಯ ಚೀಲದಿಂದ ತೆಗೆದು ಮಾರುತ್ತಿದ್ದ. ನಾನು ಒಂದನ್ನೂ ಕೊಳ್ಳಲಿಲ್ಲ. ಆದರೆ ಹತ್ತಿರದಲ್ಲಿ ಎಲ್ಲಿ ಹಾಡಿದರೂ ಹೋಗುತ್ತಿದ್ದೆ. ಗಿರಿಜೆಗೆ ಓವರ್‌ಟೈಮ್ ಎಂದು ಹೇಳಿ ಹಿಂದಿನ ಸಾಲಿನಲ್ಲಿ, ಕಂಬದ ಮರೆಯಲ್ಲಿ ನಿಲ್ಲುತ್ತಿದ್ದೆ. ಕುಡಿತಕ್ಕೆ ಬಿದ್ದವರು ಸಾರಾಯಿ ಅಂಗಡಿಗೆ ಹೋಗುವ ಹಾಗೆ.

ಥಾಣೆಯ ಒಂದು ಕಾಲೇಜಿನ ಮೈದಾನದಲ್ಲಿ ನಡೆದದ್ದು ನೆನಪಿದೆ. ಅದೂ ಮಳೆಗಾಲವೇ. ಅರ್ಧದಲ್ಲಿ ಕರೆಂಟು ಹೋಯಿತು. ಮೈಕ್ ಸತ್ತಿತು. ಇನ್ನು ಇವನ ಕತೆ ಮುಗಿಯಿತು ಎಂದು ನನಗೆ ಒಳಗೊಳಗೇ ಖುಷಿಯಾಯಿತು. ಬಸವರಾಜ ವೇದಿಕೆಯಿಂದ ಇಳಿದು ಜನರ ನಡುವೆ ಬಂದು ನಿಂತ, ಕೈಯಿಂದ ಗಿಟಾರಿನ ಮರವನ್ನೇ ಬಡಿಯುತ್ತಾ ಭಿವಂಡಿಯ ಹಾಡು ಎತ್ತಿದ. ಕನ್ನಡ ಬಾರದ ಹುಡುಗರು ಕನ್ನಡದಲ್ಲಿ ಹಾಡಿದರು. ಎರಡು ನುಡಿ ಮುಗಿದವು. ನಾನು ಉಸಿರು ಹಿಡಿದು ಮೂರನೆಯದಕ್ಕೆ ಕಾದೆ. ಅವನು ಹಾಡಲಿಲ್ಲ. ಅಲ್ಲಿಗೇ ನಿಲ್ಲಿಸಿದ. ತಲೆಬಾಗಿ ನಮಸ್ಕಾರ ಮಾಡಿದ. ಜನ ಅದನ್ನೇ ಹಾಡಿನ ಕೊನೆ ಎಂದು ತಿಳಿದರು. ನಾನು ಕೇಳಿದ ಪ್ರತಿಯೊಂದು ಕಾರ್ಯಕ್ರಮದಲ್ಲೂ ಹೀಗೆಯೇ ಆಯಿತು, ಆರತಿಯ ಗಂಟೆ ಬಿದ್ದ ಜಾಗದಲ್ಲೇ ಹಾಡು ನಿಂತಿತು. ಊರೂರಿಗೆ ಹೋಗಿ ನನ್ನ ತಪ್ಪನ್ನು ತೋರಿಸಿ ಬರುತ್ತಾನೆ ಎಂದು ನನಗೆ ಅನ್ನಿಸುತ್ತಿತ್ತು. ಹಾಗಾಗಿ ಒಂದು ದಿನವೂ ಮುಂದೆ ಹೋಗಿ ಮಾತಾಡಿಸಲಿಲ್ಲ. ವರ್ಷಗಳು ಹೋದವು. ಈಗ ಅವನೂ ಹೋದ.

ಸೀವುಡ್ಸಿನ ಮನೆಯಲ್ಲಿ ಅವನ ಹೆಂಡತಿ ಮಹಾದೇವಿ ಬಾಗಿಲು ತೆರೆದರು. ಸೊಲ್ಲಾಪುರದವರು. ನಾನು ಅವರನ್ನು ಕಂಡದ್ದು ಅದೇ ಮೊದಲು. ಹೆಸರು ಹೇಳಿದೆ. ಅವರು ನನ್ನನ್ನೇ ನೋಡುತ್ತಾ, "ಕಲ್ಯಾಣದ ಅಣ್ಣಾರು? ಬರ್ರಿ, ಒಳಗ ಬರ್ರಿ," ಅಂದರು. ಗೋಡೆಯ ಮೇಲೆ ಆ ಹಳೆಯ ಗಿಟಾರು ಇತ್ತು. ಈಗ ಅದಕ್ಕೆ ಆರು ತಂತಿ.

ಚಹಾ ಕುಡಿದೆ. ಆ ಆರತಿಯ ತಪ್ಪು ಒಪ್ಪಿಕೊಳ್ಳಲೆಂದೇ ಬಂದಿದ್ದೆ, ಅಷ್ಟರಲ್ಲಿ ಮಹಾದೇವಿಯೇ ಮಗಳಿಗೆ ಏನೋ ಹೇಳಿದರು. ಮಗಳು ಫೋನನ್ನು ನನ್ನ ಮುಂದೆ ಇಟ್ಟು, "ಅಂಕಲ್, ಯೇ ಸುನಿಯೇ," ಎಂದು ಕೇಳಿಸಿದಳು. ಡೊಂಬಿವಲಿಯ ಹುಡುಗ ಅವತ್ತು ಮಾಡಿಕೊಂಡಿದ್ದ ಟೇಪನ್ನು ಅವಳು ಫೋನಿಗೆ ಹಾಕಿಸಿದ್ದಳು. ಮಳೆ ಕೇಳಿಸಿತು, ಡ್ರಮ್ ಕೇಳಿಸಿತು. ಇಪ್ಪತ್ತಮೂರರ ಬಸವರಾಜನ ದನಿ. ಎರಡನೆಯ ನುಡಿ ಮುಗಿಯುವ ಹೊತ್ತಿಗೆ ನಾನು ಕಣ್ಣು ಮುಚ್ಚಿದೆ. ಗಂಟೆ ಮೊಳಗಿತು. ನನ್ನ ದನಿ ಬಂತು. ಆರತಿಯ ಮೊದಲ ಸಾಲಿನಲ್ಲೇ ದನಿ ಬಿರಿಯಿತು.

ಅದು ಕಪ್ಪು ಒಂದಲ್ಲ. ಬಿಳಿ ನಾಲ್ಕು. ಅವನ ಶ್ರುತಿ.

ಜನ್ಮದಲ್ಲಿ ಬೇರೆ ಶ್ರುತಿ ಹಿಡಿಯದ ನಾನು ಅವತ್ತು ಅವನ ಹಾಡನ್ನು ಕೊಲ್ಲಲು ಹೊರಟು ಅವನ ಶ್ರುತಿಯಲ್ಲೇ ಆರತಿ ಎತ್ತಿದ್ದೆ. ಅಷ್ಟು ಅದರೊಳಗೆ ಮುಳುಗಿದ್ದೆ. ಅದು ನನಗೇ ಗೊತ್ತಿರಲಿಲ್ಲ. ಅವನಿಗೆ ಮೊದಲ ಸಾಲಿಗೇ ಗೊತ್ತಾಗಿತ್ತು. ಪ್ರಸಾದಕ್ಕೆ ಕೈ ಒಡ್ಡಿ ಅವನು ಹೇಳಿದ್ದು ಅದನ್ನೇ.

ಮಹಾದೇವಿ ಹೇಳಿದರು, ಈ ಟೇಪನ್ನು ಅವನು ಮನೆಗೆ ಬಂದವರಿಗೆಲ್ಲ ಕೇಳಿಸುತ್ತಿದ್ದನಂತೆ. ಈ ದನಿ ಕೇಳ್ರಿ, ನನ್ನ ಹಾಡ ಇವರಷ್ಟು ಕಿವಿಗೊಟ್ಟು ಕೇಳಿದವರು ಮತ್ತೊಬ್ಬರಿಲ್ಲ ಎನ್ನುತ್ತಿದ್ದನಂತೆ. ಕೊನೆಯ ನುಡಿ ಯಾಕೆ ಹಾಡುವುದಿಲ್ಲ ಎಂದು ಅವರು ಎಷ್ಟೋ ಸಲ ಕೇಳಿದ್ದಾರೆ. ಅವನು ಅದನ್ನು ಬರೆದೂ ಇಟ್ಟಿರಲಿಲ್ಲ.

"ಕೇಳಿದ್ರ, ಅದು ಅಣ್ಣಾರ ಹತ್ರ ಐತಿ, ಗೋಡಿ ಆಚಿಂದ ಕೇಳ್ಯಾರ, ಅವರ ಬಂದ ಕೊಡಬೇಕು ಅಂತಿದ್ರು," ಎಂದರು. "ನಿಮಗ ನೆನಪೈತೇನ್ರಿ?"

ನಾನು ಹೇಳಿದೆ, "ಅವತ್ತು ಎಂಟೂವರೆ ಆಗಿರಲಿಲ್ಲಮ್ಮ. ಎಂಟೂ ಹತ್ತು."

"ಗೊತ್ತೈತ್ರಿ ಅಣ್ಣಾರ. ಹಾಡ್ರಿ."

ಮಗಳು ಫೋನು ಹತ್ತಿರ ಹಿಡಿದಳು. ಬಿಳಿ ನಾಲ್ಕು ಈಗ ನನ್ನಿಂದಾಗುವುದಿಲ್ಲ. ಆದರೂ ಅಲ್ಲಿಂದಲೇ ಎತ್ತಿದೆ. ದನಿ ಬಿರಿಯಿತು, ಕೆಳಗೆ ಇಳಿಸಲಿಲ್ಲ.

ಮನಶಾರ ನಡುವ ಎಳಿ ಹರದ್ರ
ಗಂಟ ಕಾಣಲಿ ಬಿಡ.
ಮುಟ್ಟಿದ ಕೈಗೆ ಗೊತ್ತಾಗಲಿ,
ಇಲ್ಲಿ ಹರದಿತ್ತಂತ, ಒಬ್ಬಾವ ಕಟ್ಟಿದ್ನಂತ.

ಮಹಾದೇವಿ ಸೆರಗಿನಿಂದ ಮುಖ ಒರೆಸಿಕೊಂಡರು. ಹೊರಗೆ ಮಂಟಪದ ಹುಡುಗರು ಬಿದಿರಿಗೆ ಹಗ್ಗ ಬಿಗಿಯುವ ಸದ್ದು ಬರುತ್ತಿತ್ತು.

ತಿರುಗಿ ಬರುವಾಗ ಗಾಡಿಯಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಆ ಸಾಲುಗಳು ಮತ್ತೆ ಮತ್ತೆ ಬಾಯಿಗೆ ಬರುತ್ತಿದ್ದವು. ಇಂಥದ್ದು ನನಗೆ ಒಂದಾದರೂ ಹೊಳೆದಿದ್ದರೆ ಎಂದು ಹೊಟ್ಟೆ ಉರಿಯಿತು. ನಲವತ್ತು ವರ್ಷದ ಹಳೆಯ ಉರಿ ಅದು. ಈ ಸಲ ಅದನ್ನು ಆರಿಸಲು ನನಗೆ ಮನಸ್ಸಾಗಲಿಲ್ಲ.